ಲಪ್ಪೀದೋತನ ಮನೆ

ರಾಜಗೋಪಾಲರು ಕೆಲಸ ಬದಲಿಸಿ ಕಾರ್ಲ್‌ಸ್ಟಾಡ್‌ಗೆ ಹೋಗುತ್ತಾರೆ ಎಂಬ ಸುದ್ದಿ ಬಂದ ವಾರವೇ ಭಾಸ್ಕರ ಹೊಸ ಟೈ ಕೊಂಡು ತಂದ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಕನ್ನಡ ಪ್ರಾರ್ಥನಾ ಕೂಟಕ್ಕೆ ಆರು ವರ್ಷದಿಂದ ರಾಜಗೋಪಾಲರೇ ಹಿರಿಯರು. ಪ್ರತಿ ಶನಿವಾರ ಊರಿನ ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ ಕೂಟ ಸೇರುತ್ತಿತ್ತು. ಬೆಟಗೇರಿ, ಮಂಗಳೂರು, ಕೋಲಾರ, ಬೆಂಗಳೂರು ಎಂದು ಎಲ್ಲೆಲ್ಲಿಂದಲೋ ಬಂದ ಹನ್ನೊಂದು ಕ್ರೈಸ್ತ ಕುಟುಂಬಗಳು, ಮಕ್ಕಳೂ ಸೇರಿ ಮೂವತ್ತು ಜನ. ರಾಜಗೋಪಾಲರು ಬೈಬಲಿನ ಕಥೆ ಹಿಡಿದು ಪ್ರಸಂಗ ಮಾಡುತ್ತಿದ್ದರು. ಭಾಸ್ಕರ ಕುರ್ಚಿ ಹಾಕುತ್ತಿದ್ದ, ಹಾಡು ಎತ್ತಿಕೊಡುತ್ತಿದ್ದ, ಅವರಿಗೆ ನೆಗಡಿಯಾದಾಗ ಸತ್ಯವೇದ ಓದುತ್ತಿದ್ದ. ಅವರ ನಂತರ ಯಾರು ಎಂಬ ಪ್ರಶ್ನೆಯೇ ಅವನ ಮಟ್ಟಿಗೆ ಇರಲಿಲ್ಲ.

ಪ್ರಶ್ನೆ ತಂದವಳು ಕೆರ್ಸ್ಟಿನ್. ಆ ಚರ್ಚಿನ ಪಾದ್ರಿ ಅವಳು, ಹೆಂಗಸು. ಹಿಮ ಬಿದ್ದರೂ ಸೈಕಲ್ಲಿನಲ್ಲೇ ಬರುವವಳು. 2007ರ ಫೆಬ್ರವರಿಯಲ್ಲಿ ಒಂದು ಶನಿವಾರ ಹಾಲಿಗೆ ಬಂದು ಎರಡು ಮಾತು ಹೇಳಿದಳು. ಈಸ್ಟರ್ ಮುಂಚಿನ ಉಪವಾಸದ ಕಾಲದಲ್ಲಿ ತಮ್ಮ ಚರ್ಚಿನವರು ಸತ್ಯವೇದದ ಹೆಂಗಸರ ಬಗ್ಗೆ ನಾಲ್ಕು ವಾರ ಪ್ರಸಂಗ ಮಾಡುತ್ತಾರೆ, ಮನಸ್ಸಿದ್ದರೆ ನೀವೂ ನಿಮ್ಮ ಭಾಷೆಯಲ್ಲಿ ಮಾಡಿ. ಈಸ್ಟರ್ ಆದ ಮೇಲೆ ರಾಜಗೋಪಾಲರ ಜಾಗಕ್ಕೆ, ಹಾಲಿನ ಜವಾಬ್ದಾರಿಗೆ ಒಬ್ಬರನ್ನು ಆರಿಸಿ ಹೆಸರು ಬರೆದು ಕೊಡಿ. ಇಷ್ಟು ಹೇಳಿ ಕಾಫಿ ಕುಡಿದು ಹೋದಳು.

ರಾಜಗೋಪಾಲರು ಮನೆ ನೋಡಲು ಕಾರ್ಲ್‌ಸ್ಟಾಡ್‌ಗೆ ಓಡಾಡುತ್ತಿದ್ದುದರಿಂದ ಆ ನಾಲ್ಕು ವಾರ ಬರುವ ಹಾಗಿರಲಿಲ್ಲ. ಭಾಸ್ಕರ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮಂಗಳೂರಿನ ನಳಿನಿ, ಹೆಂಗಸರ ವಿಷಯ ಅಲ್ವಾ, ಸುಲೋಚನಕ್ಕ ಮಾತಾಡಲಿ ಎಂದಳು. ಎಲ್ಲರೂ ತಿರುಗಿ ನೋಡಿದರು. ಭಾಸ್ಕರನ ಹೆಂಡತಿ ಸುಲೋಚನಾ ಹಾಲಿನ ಪಕ್ಕದ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಗಂಡನ ಮುಖ ನೋಡಿ ಉತ್ತರ ಕೊಡುತ್ತಾಳೆ ಎಂದು ಎಲ್ಲರೂ ಎಣಿಸಿದ್ದರು. ಅವಳು ನೋಡಲಿಲ್ಲ. ಆಗಲಿ ಎಂದಳು.

ಮನೆಗೆ ಬಂದ ಮೇಲೆ ಊಟಕ್ಕೆ ಕೂತಾಗ ಶುರುವಾಯಿತು.

"ನನ್ನ ಒಂದ ಮಾತು ಕೇಳಬೇಕು ಅನಸಲಿಲ್ಲೇನು ನಿನಗ?"

"ಕೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ದೆ. ಅದಕ್ಕ ಕೇಳಬೇಕಿತ್ತು."

ಭಾಸ್ಕರನ ತಾಯಿ ವೇದವತಿ ರೊಟ್ಟಿ ಮುರಿಯುತ್ತ ಕೂತಿದ್ದಳು. ಅರವತ್ತೆಂಟು ವರ್ಷ. ಮೂರು ತಿಂಗಳ ವೀಸಾದ ಮೇಲೆ ಜನವರಿ ಕೊನೆಯಲ್ಲಿ ಬೆಟಗೇರಿಯಿಂದ ಬಂದಿದ್ದಳು, ಏಪ್ರಿಲ್ ಮುಗಿಯುವುದರೊಳಗೆ ಹೋಗಬೇಕು. ಬರುವಾಗ ಆರು ಕಿಲೋ ಜೋಳದ ಹಿಟ್ಟು ತಂದಿದ್ದಳು. ಅವಳು ಯಾರ ಪರವೂ ಮಾತಾಡಲಿಲ್ಲ. ಯಾವ ಹೆಂಗಸಿನಿಂದ ಶುರು ಮಾಡುತ್ತೀ ಎಂದು ಮಾತ್ರ ಸೊಸೆಯನ್ನು ಕೇಳಿದಳು. ಸುಲೋಚನಾ ದೆಬೋರಳಿಂದ ಎಂದಳು.

ಹದಿನಾಲ್ಕು ವರ್ಷದ ದಿಯಾ ಫೋನಿನಿಂದ ತಲೆ ಎತ್ತಿದಳು. ಅವಳು ಅದೇ ಕೆರ್ಸ್ಟಿನ್ ಹತ್ತಿರ ಹದಿವಯಸ್ಸಿನವರನ್ನು ಚರ್ಚಿಗೆ ಸೇರಿಸಿಕೊಳ್ಳುವ ಮುಂಚಿನ ದೃಢೀಕರಣದ ಪಾಠಕ್ಕೆ ಹೋಗುತ್ತಿದ್ದಳು.

"ದೆಬೋರಾ ಜಡ್ಜ್ ಅಲ್ಲಾ? ಅವಳ ಗಂಡನ ಹೆಸರು ಲಪ್ಪೀದೋತ್. ಅವನು ಏನು ಮಾಡ್ತಿದ್ದ?"

"ಬರೆದಿಲ್ಲ" ಎಂದಳು ಸುಲೋಚನಾ.

"ನಥಿಂಗ್?"

"ಹೆಸರು ಮಾತ್ರ ಅದ."

ಭಾಸ್ಕರ ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋದ.

ಸುಲೋಚನಾ ಊರಿನ ವೃದ್ಧಾಶ್ರಮವೊಂದರಲ್ಲಿ ದಾದಿಯ ಸಹಾಯಕಿಯಾಗಿದ್ದಳು. ಏಳು ವರ್ಷದ ಕೆಲಸ. ಇಪ್ಪತ್ತು ವರ್ಷದ ಸ್ವೀಡಿಷ್ ಹುಡುಗಿಯರು ಹೊಸದಾಗಿ ಸೇರಿದರೆ ಎಂಬತ್ತು ಕಿಲೋ ತೂಕದ ಮುದುಕನನ್ನು ಹಾಸಿಗೆಯಿಂದ ಕುರ್ಚಿಗೆ ಹೇಗೆ ಇಳಿಸಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಅವರಿಗೆ ಹೇಳುವವಳು ಅವಳೇ. ಅವಳು ಹೇಳಿದರೆ ಅವರು ನಿಲ್ಲುತ್ತಿದ್ದರು. ಇದನ್ನು ಮನೆಯವರು ಯಾರೂ ಕಂಡಿರಲಿಲ್ಲ. ಬೆಳಿಗ್ಗೆ ಆರೂವರೆಯ ಪಾಳಿ ಮುಗಿಸಿ ಮೂರೂವರೆಗೆ ಬಂದರೆ ಅಡಿಗೆಮನೆಯ ಮೇಜಿನ ಮೇಲೆ ಸತ್ಯವೇದ ತೆರೆದಿಟ್ಟು, ದಿಯಾಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯತೊಡಗಿದಳು. ಒಲೆಯ ಮೇಲಿನ ಬೇಳೆ ಎರಡು ಸಲ ಉಕ್ಕಿತು. ಮೂರನೆಯ ಸಲ ವೇದವತಿ ಎದ್ದು ಬಂದು ಒಲೆ ಸಣ್ಣ ಮಾಡಿ ಹೋದಳು.

ಮೊದಲ ಶನಿವಾರ ಸುಲೋಚನಾ ಎದ್ದು ನಿಂತಾಗ ಕುರ್ಚಿಗಳೆಲ್ಲ ತುಂಬಿದ್ದವು. ದೆಬೋರಳು ಮನೆಯೊಳಗೆ ಕೂರಲಿಲ್ಲ, ದಾರಿಯ ಪಕ್ಕದ ಖರ್ಜೂರದ ಮರದ ಕೆಳಗೆ ಕೂತಳು, ನ್ಯಾಯ ಬೇಕಾದವರಿಗೆ ಅವಳು ಎಲ್ಲಿ ಸಿಗುತ್ತಾಳೆ ಎಂಬುದು ಗೊತ್ತಿರುತ್ತಿತ್ತು ಎಂದು ಶುರು ಮಾಡಿದಳು. ನಾಯಕತ್ವ ಅಂದರೆ ಮೊದಲು ಅದು, ಹುಡುಕಿ ಬಂದವರಿಗೆ ಸಿಗುವುದು. ಅಷ್ಟರಲ್ಲಿ ಒಬ್ಬಳು ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಎಲ್ಲ ಹೆಂಗಸರೂ.

ಅದು ಕೂಟದ ಪದ್ಧತಿ. ಪ್ರತಿ ಮನೆಯವರೂ ಒಂದೊಂದು ಪದಾರ್ಥ ಮಾಡಿಕೊಂಡು ಬರುತ್ತಿದ್ದರು. ಹಾಲಿಗೆ ಹತ್ತಿರದ ಮನೆ ಭಾಸ್ಕರನದೇ ಆದ್ದರಿಂದ ಮೂವತ್ತು ಜನಕ್ಕೆ ಬಿಸಿ ಅನ್ನ ಅವರ ಪಾಲು. ಪ್ರಸಂಗ ಶುರುವಾಗಿ ಐದು ನಿಮಿಷಕ್ಕೆ ಹೆಂಗಸರು ಅಡಿಗೆಮನೆಗೆ ಹೋಗಿ, ಸದ್ದು ಹೊರಗೆ ಬರಬಾರದೆಂದು ಬಾಗಿಲು ಹಾಕಿಕೊಂಡು, ಇದ್ದ ಎರಡು ಒಲೆಗಳ ಮೇಲೆ ಒಂದೊಂದೇ ಪಾತ್ರೆ ಬಿಸಿ ಮಾಡುತ್ತಿದ್ದರು. ಆರು ವರ್ಷದಲ್ಲಿ ರಾಜಗೋಪಾಲರ ಒಂದು ಪ್ರಸಂಗವನ್ನೂ ಯಾವ ಹೆಂಗಸೂ ಪೂರ್ತಿ ಕೇಳಿರಲಿಲ್ಲ. ಸುಲೋಚನಾ ಕೂಡ.

ದೆಬೋರಳ ಕಥೆಯನ್ನು ಅವಳು ಹತ್ತು ಗಂಡಸರಿಗೆ ಹೇಳಿ ಮುಗಿಸಿದಳು. ಊಟದ ಹೊತ್ತಿಗೆ ನಳಿನಿ ಬಂದು ಕೈ ಹಿಡಿದುಕೊಂಡಳು.

"ಭಾರೀ ಲಾಯ್ಕ ಆಯ್ತಂತೆ ಸುಲೋಚನಕ್ಕ. ನಮ್ಮವರು ಹೇಳಿದ್ರು."

"ನೀ ಎಲ್ಲಿದ್ದಿ?"

"ಸಾರು ಬಿಸಿಗೆ ಇಟ್ಟಿದ್ದೆ ಮಾರಾಯ್ತಿ."

ಆ ವಾರ ಸುಲೋಚನಾ ಎಲ್ಲ ಹೆಂಗಸರಿಗೂ ಫೋನು ಮಾಡಿದಳು. ಪ್ರಸಂಗ ಮುಗಿಯುವವರೆಗೆ ಯಾರೂ ಏಳಬಾರದು. ಊಟ ತಡವಾದರೆ ಆಗಲಿ. ಕೆಲವರು ಹೂಂ ಎಂದರು, ಕೆಲವರು ಗಂಡಂದಿರನ್ನು ಕೇಳಿ ಹೇಳುತ್ತೇವೆ ಎಂದರು. ವೇದವತಿ ಸೋಫಾದ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ಹತ್ತನೆಯ ಫೋನು ಇಟ್ಟ ಮೇಲೆ, ಹಸಿದ ಗಂಡಸರ ಮುಂದೆ ದೇವರ ಮಾತು ಹೇಳಿದರೆ ಅವರಿಗೆ ಹೊಟ್ಟೆಯ ಮಾತೇ ಕೇಳಿಸುತ್ತದೆ ಎಂದಳು. ಕೇಳಿಸಲಿ ಎಂದಳು ಸುಲೋಚನಾ.

ಎರಡನೆಯ ಶನಿವಾರ ಅಬೀಗೈಲಳ ಸರದಿ. ಗಂಡ ನಾಬಾಲ ದೊಡ್ಡ ಆಸ್ತಿಯವನು, ಒರಟ. ದಾವೀದನ ಆಳುಗಳು ಊಟ ಕೇಳಿ ಬಂದರೆ ಬೈದು ಕಳಿಸುತ್ತಾನೆ. ದಾವೀದ ನಾನೂರು ಜನರನ್ನು ಕಟ್ಟಿಕೊಂಡು ಕತ್ತಿ ಹಿಡಿದು ಹೊರಡುತ್ತಾನೆ. ಅಬೀಗೈಲ ಗಂಡನಿಗೆ ಒಂದು ಮಾತೂ ಹೇಳದೆ ಕತ್ತೆಗಳ ಮೇಲೆ ರೊಟ್ಟಿ, ಮಾಂಸ, ಒಣದ್ರಾಕ್ಷಿ ಹೇರಿಸಿ ಎದುರು ಹೋಗಿ ಮನೆಯವರ ಜೀವ ಉಳಿಸುತ್ತಾಳೆ. ಹಿಂದಿರುಗಿ ಬಂದಾಗ ಗಂಡ ಕುಡಿದು ಬಿದ್ದಿದ್ದ. ಅವಳು ಬೆಳಗಾಗುವ ತನಕ ಕಾದು, ಅಮಲು ಇಳಿದ ಮೇಲೆ ಹೇಳಿದಳು. "ಯಾವಾಗ ಕೇಳಬೇಕು, ಯಾವಾಗ ಕೇಳಬಾರದು, ಯಾವಾಗ ಹೇಳಬೇಕು, ಮೂರೂ ಗೊತ್ತಿದ್ದವಳು" ಎಂದಳು ಸುಲೋಚನಾ. ಹೆಂಗಸರು ನಕ್ಕರು. ಈ ಸಲ ಅವರೆಲ್ಲ ಕುರ್ಚಿಯಲ್ಲೇ ಇದ್ದರು. ಹಿಂದಿನಿಂದ ಯಾರೋ, ಕೇಳಿದ್ರಾ ಭಾಸ್ಕರಣ್ಣ ಎಂದರು. ಆಗ ಗಂಡಸರೂ ನಕ್ಕರು.

ಊಟ ಐವತ್ತು ನಿಮಿಷ ತಡವಾಯಿತು. ಮಕ್ಕಳು ಅತ್ತವು. ಒಬ್ಬ ಗಂಡಸು ಗಡಿಯಾರ ನೋಡಿ ಕಾರು ಹತ್ತಿದ.

ಮನೆಗೆ ಎಂಟು ನಿಮಿಷದ ದಾರಿ. ಭಾಸ್ಕರ ಒಳಗೆ ಬಂದು ಬೂಟು ಬಿಚ್ಚುವಾಗ ಬಾಯಿ ಬಿಟ್ಟ.

"ಮೂವತ್ತು ಮಂದಿ ಮುಂದ ನನ್ನ ನಾಬಾಲ ಮಾಡಿದಿ."

"ನಾ ನಿಮ್ಮ ಹೆಸರು ತಗೊಂಡೆನೇನು?"

"ತಗೋಬೇಕೇನು? ಎಲ್ಲಾರೂ ತಿಳಕೊಂಡ್ರು."

"ನೀವು ಯಾಕ ತಿಳಕೊಂಡ್ರಿ? ಕುಡೀತೀರೇನು? ಆಸ್ತಿ ಅದ ಏನು?"

ದಿಯಾ ಒಳಗಿನಿಂದ ಕಿಸಕ್ಕೆಂದಳು. ಭಾಸ್ಕರ ಗೋಡೆಗೆ ಬೂಟು ಒಗೆದ. ಕಪ್ಪು ಗುರುತು ಬಿತ್ತು. ಬಾಡಿಗೆ ಮನೆಯ ಬಿಳಿ ಗೋಡೆ, ಬಿಡುವಾಗ ಒರೆಸಿ ಕೊಡಬೇಕು. ಅವನೇ ಬಗ್ಗಿ ಒದ್ದೆ ಬಟ್ಟೆಯಿಂದ ಉಜ್ಜತೊಡಗಿದ. ಉಜ್ಜುತ್ತ ಹೇಳಿದ.

"ಆಫೀಸಿನ್ಯಾಗ ನಲವತ್ತು ಇಂಜಿನಿಯರ್ ಇದ್ದೀವಿ. ನನ್ನ ಮ್ಯಾನೇಜರಗ ಮೂವತ್ತೊಂದು ವರ್ಷ. ನನ್ನ ಹೆಸರು ಇನ್ನೂ ಸರಿ ಹೇಳಾಕ ಬರೂದಿಲ್ಲ ಅವಗ. ಶನಿವಾರ ಒಂದ ದಿನ ಮಂದಿ ಭಾಸ್ಕರಣ್ಣ ಅಂತಿದ್ರು. ಅದೂ ನಿನಗ ಬೇಕಾತು."

ಸುಲೋಚನಾ ಕೋಟು ಗೂಟಕ್ಕೆ ಹಾಕಿದಳು. ಹೇಳಲು ಇತ್ತು. ಅವಳಿಗೂ ಅದು ಬೇಕಾಗಿತ್ತು. ನಳಿನಿ ಕೇಳಿದ್ದಕ್ಕೆ ಒಪ್ಪಿಕೊಂಡೆ ಎಂದು ಮೊದಲ ವಾರ ತನಗೆ ತಾನೇ ಹೇಳಿಕೊಂಡಿದ್ದಳು. ಎರಡನೆಯ ವಾರ ಹೆಂಗಸರ ಮುಖಗಳನ್ನು ಎದುರಿಗೆ ಕಂಡ ಮೇಲೆ ಆ ಸುಳ್ಳು ನಡೆಯಲಿಲ್ಲ. ಕೂಟ ನಡೆಸುವ ಕೆಲಸ ತನಗೆ ಬೇಕು, ತಾನು ಅದನ್ನು ಗಂಡನಿಗಿಂತ ಚೆನ್ನಾಗಿ ಮಾಡುತ್ತೇನೆ ಎಂಬುದು ಅವಳಿಗೆ ಗೊತ್ತಾಗಿತ್ತು.

ಮೂರನೆಯ ವಾರ ಮನೆ ಹದಗೆಟ್ಟಿತು. ಸುಲೋಚನಾಳ ಇಬ್ಬರು ಸಹೋದ್ಯೋಗಿಗಳಿಗೆ ಜ್ವರ, ಅವಳಿಗೆ ಎರಡೆರಡು ಪಾಳಿ. ಉಳಿದ ಹೊತ್ತೆಲ್ಲ ಪುಸ್ತಕ. ಫೋನು ಬೇರೆ ಬರತೊಡಗಿದ್ದವು. ಗಂಡನ ಜೊತೆ ಜಗಳವಾಡಿದವಳು, ಮಗುವಿನ ಹೆಸರಿಡಬೇಕಾದವಳು, ಕೆಲಸದ ಪರವಾನಗಿಯ ಅರ್ಜಿ ತಿಳಿಯದವಳು, ಎಲ್ಲರೂ ಈಗ ಸುಲೋಚನಕ್ಕನನ್ನೇ ಹುಡುಕುತ್ತಿದ್ದರು. ಭಾಸ್ಕರ ಆಫೀಸಿನಿಂದ ಐದಕ್ಕೆ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ವೇದವತಿಗೆ ಮಂಡಿ ನೋವು, ಚಳಿಗೆ ಹೆಚ್ಚಾಗಿತ್ತು. ಹಾಗಾಗಿ ಪಾತ್ರೆ, ಕಸ, ಬಟ್ಟೆ, ಸಂಜೆಯ ಅನ್ನ ಒಂದೊಂದಾಗಿ ದಿಯಾಳ ಕೈಗೆ ಹೋದವು. ಯಾರೂ ಅವಳಿಗೆ ಮಾಡು ಎನ್ನಲಿಲ್ಲ. ಮಾಡಬೇಡ ಎಂದೂ ಅನ್ನಲಿಲ್ಲ.

ಆ ಕಟ್ಟಡದಲ್ಲಿ ಬಟ್ಟೆ ಒಗೆಯುವ ಯಂತ್ರಗಳು ನೆಲಮಾಳಿಗೆಯಲ್ಲಿ, ಎಲ್ಲ ಮನೆಗಳಿಗೂ ಸೇರಿ. ಫಲಕದ ಮೇಲೆ ಬೇಕಾದ ಹೊತ್ತಿನ ಎದುರು ತಮ್ಮ ಮನೆಯ ಸಣ್ಣ ಬೀಗ ಸಿಕ್ಕಿಸಿ ಅದನ್ನು ಕಾಯ್ದಿರಿಸಿಕೊಳ್ಳಬೇಕು. ಅರ್ಧ ಗಂಟೆ ತಡವಾದರೆ ಬೇರೆಯವರು ಆ ಹೊತ್ತನ್ನು ತೆಗೆದುಕೊಳ್ಳಬಹುದು. ಶುಕ್ರವಾರ ನಾಲ್ಕು ಗಂಟೆಯ ಹೊತ್ತು ಅವರದಾಗಿತ್ತು. ಸುಲೋಚನಾ ಫೋನಿನಲ್ಲಿ ಯಾರದೋ ಗೋಳು ಕೇಳುತ್ತಿದ್ದಳು. ದಿಯಾ ಆಟದ ಅಭ್ಯಾಸ ಮುಗಿಸಿ ಬಂದು ಬುಟ್ಟಿ ಹೊತ್ತು ಇಳಿಯುವ ಹೊತ್ತಿಗೆ ನಾಲ್ಕೂ ಮುಕ್ಕಾಲು. ಮೂರನೆಯ ಮಹಡಿಯ ಮುದುಕ ತನ್ನ ಪರದೆಗಳನ್ನು ಯಂತ್ರಕ್ಕೆ ಹಾಕಿ ಆಗಿತ್ತು. ಮರುದಿನ ಬೆಳಿಗ್ಗೆ ಅವಳ ಹ್ಯಾಂಡ್‌ಬಾಲ್ ಪಂದ್ಯ. ತಂಡದ ಅಂಗಿ ಬುಟ್ಟಿಯಲ್ಲಿ ಬೆವರು ವಾಸನೆ ಹೊಡೆಯುತ್ತಿತ್ತು.

ಅವಳು ಬುಟ್ಟಿಯನ್ನು ತಂದು ಅಡಿಗೆಮನೆಯ ನಡುವೆ ಸುರಿದಳು. ಸ್ವೀಡಿಷಿನಲ್ಲಿ ಅದೇನೇನೋ ಹೇಳಿದಳು. ಅಜ್ಜಿಗೆ ಅರ್ಥವಾಗಲಿಲ್ಲ, ಆದರೆ ಅಜ್ಜಿಯೇ ಮೊದಲು ಮಾತಾಡಿದ್ದು.

"ನೋಡಿಲ್ಲೆ ಸುಲೋಚನಾ. ಮಗಳ ಕೈಯಾಗ ಸೌಟು ಕೊಟ್ಟು ನೀ ದೆಬೋರಾ ಆಗಾಕ ಹೊಂಟೀಯೇನು?"

"ಅತ್ತಿ, ನೀವು ನಡಬರಕ ಬರಬ್ಯಾಡ್ರಿ."

"ಬರತೀನಿ. ನನಗ ಗೊತ್ತೈತಿ ಇದು. ನಮ್ಮವ್ವನೂ ನಿನ್ನಂಗ ಇದ್ಲು."

ವೇದವತಿಯ ತಾಯಿ ಬೆಟಗೇರಿಯಲ್ಲಿ ಮಿಶನ್ನಿನ ಬೈಬಲ್ ಹೆಂಗಸು. ಚೀಲ ಹೆಗಲಿಗೆ ಹಾಕಿಕೊಂಡು ನೇಕಾರರ ಓಣಿಯಲ್ಲಿ ಮನೆ ಮನೆಗೆ ಹೋಗಿ ಹೆಂಗಸರಿಗೆ ಓದಲು ಕಲಿಸುವುದು, ಸತ್ಯವೇದ ಓದಿ ಹೇಳುವುದು ಅವಳ ಕೆಲಸ. ಈ ಮನೆಯಲ್ಲಿ ಅವಳ ಹೆಸರನ್ನು ಯಾವಾಗಲೂ ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ವೇದವತಿ ಹೇಳಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಯಾಕೆಂದರೆ ಅವಳು ಇದುವರೆಗೆ ಹೇಳಿರಲೇ ಇಲ್ಲ.

"ಊರ ಹೆಣ್ಣಮಕ್ಕಳಿಗೆಲ್ಲಾ ಓದು ಕಲಿಸಿದ್ಲು ನಮ್ಮವ್ವ. ನಾ ನಾಕನೇತ್ತಕ್ಕ ಸಾಲಿ ಬಿಟ್ಟೆ. ಒಂಬತ್ತು ವರ್ಷ ನನಗ. ಮನ್ಯಾಗ ನಾಕು ಸಣ್ಣ ಹುಡುಗೂರು, ರೊಟ್ಟಿ ಬಡಿಯಾಕ ಯಾರರ ಬೇಕಲ್ಲ. ಅವ್ವನ ಕೈಯಾಗ ಸತ್ಯವೇದ, ನನ್ನ ಕೈಯಾಗ ಹಿಟ್ಟು. ಮಂದಿ ಆಕಿನ್ನ ಕೊಂಡಾಡ್ತಿದ್ರು. ನನಗ ಆಕಿ ಮ್ಯಾಲೆ ಸಿಟ್ಟು. ಸಾಯೂತನಕ ಇತ್ತು."

ಸುಲೋಚನಾ ನೆಲದ ಮೇಲಿನ ಬಟ್ಟೆ ಒಟ್ಟುಗೂಡಿಸುತ್ತಿದ್ದವಳು ನಿಲ್ಲಿಸಿದಳು.

"ನಿಮ್ಮಪ್ಪ ಎಲ್ಲಿದ್ರು ಅತ್ತಿ?"

"ಎಲ್ಲಿರತಾನ? ಮಿಶನ್ ಕಾರಖಾನಿಗೆ ಹೋಗ್ತಿದ್ದ. ಸಂಜಿ ಮುಂದ ಬಂದು ಕಟ್ಟಿ ಮ್ಯಾಲೆ ಕುಂದರ್ತಿದ್ದ."

"ರೊಟ್ಟಿ ಆಗೂತನಕ?"

"ಹೂಂ."

"ಅವರ ಮ್ಯಾಲೆ ಸಿಟ್ಟು ಬರಲಿಲ್ಲೇನು?"

ವೇದವತಿ, ಗಂಡಸು ರೊಟ್ಟಿ ಬಡಿಯುತ್ತಾನೆಯೇ ಎಂದು ಗೊಣಗಿ ಕೋಣೆಗೆ ಹೋದಳು. ಆ ಸಂಜೆ ಅವಳು ಟಿವಿ ಹಾಕಲಿಲ್ಲ. ಊಟಕ್ಕೆ ಕರೆದಾಗ ಮಗನ ಎದುರು ಕೂತು, ಅವನು ತಿನ್ನುವುದನ್ನೇ ನೋಡುತ್ತಿದ್ದಳು. ಏನಮ್ಮಾ ಎಂದು ಅವನು ಎರಡು ಸಲ ಕೇಳಿದ.

ದಿಯಾಳ ಅಂಗಿಯನ್ನು ಸುಲೋಚನಾ ಸ್ನಾನದ ಕೋಣೆಯಲ್ಲಿ ಕೈಯಿಂದ ಒಗೆದು ಹೀಟರಿನ ಮೇಲೆ ಹರವಿದಳು. ಅದರ ಪಕ್ಕದಲ್ಲೇ ನಿಂತು ಮಗಳಿಗೆ, ತಪ್ಪಾಯಿತು ಎಂದಳು. ದಿಯಾ ಭುಜ ಕುಣಿಸಿದಳು. ಆದರೆ ಹೋಗಲಿಲ್ಲ, ಒದ್ದೆ ಅಂಗಿಯ ತೋಳು ನೆಟ್ಟಗೆ ಮಾಡುತ್ತ ನಿಂತಳು.

ಮಾರನೆಯ ದಿನದ ಪ್ರಸಂಗ ಮಾರ್ಥಳದು. ಸುಲೋಚನಾ ಬರೆದುಕೊಂಡಿದ್ದ ಹಾಳೆಗಳನ್ನು ತರಲಿಲ್ಲ. ಅಡಿಗೆಮನೆಯಲ್ಲಿ ಒಬ್ಬಳೇ ಒದ್ದಾಡಿ, ಮನೆಗೆ ಬಂದ ಯೇಸುವಿನ ಮುಂದೆ, ತಂಗಿಯನ್ನೂ ಕಳಿಸು ಎಂದು ದೂರಿದ ಮಾರ್ಥ ಎಲ್ಲರಿಗೂ ನೆನಪಿದ್ದಾಳೆ ಎಂದಳು. ಅಣ್ಣ ಸತ್ತಾಗ ಊರ ಹೊರಗೆ ದಾರಿಯವರೆಗೆ ಓಡಿ ಹೋಗಿ ಯೇಸುವನ್ನು ಎದುರುಗೊಂಡವಳೂ ಅವಳೇ, ನೀನು ಯಾರೆಂದು ನನಗೆ ಗೊತ್ತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದವಳೂ ಅವಳೇ. ಅದು ಯಾರಿಗೂ ನೆನಪಿಲ್ಲ. "ಅವಳು ದೂರಿದ್ದು ತಂಗಿಯ ಮೇಲೆ. ಆ ಮನೆಯಲ್ಲಿ ಗಂಡಸರೂ ಕೂತಿದ್ದರು. ಅವರನ್ನು ಕರೆಯಬಹುದು ಅಂತ ಅವಳಿಗೂ ಹೊಳೆಯಲಿಲ್ಲ. ನನಗೂ ನಿನ್ನೆಯ ತನಕ ಹೊಳೆದಿರಲಿಲ್ಲ." ಹಾಲಿನಲ್ಲಿ ಯಾರೂ ನಗಲಿಲ್ಲ.

ಭಾನುವಾರ ಅವಳು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಅವಳ ವೃದ್ಧಾಶ್ರಮದ ಗೋಡೆಯ ಮೇಲೆ ಇರುವಂಥದೇ ಪಾಳಿಯ ಪಟ್ಟಿ. ಪಾತ್ರೆ, ಕಸ, ಬಟ್ಟೆ, ಸಂಜೆಯ ಅಡಿಗೆ, ಶನಿವಾರದ ಅನ್ನ. ಒಂದೊಂದರ ಎದುರು ಪಾಳಿಯ ದಿನ, ಹೆಸರು. ದಿಯಾಳ ಹೆಸರು ಎರಡು ಕಡೆ, ವೇದವತಿಯದು ಒಂದು ಕಡೆ. ಭಾಸ್ಕರನದು ನಾಲ್ಕು ಕಡೆ.

ಭಾಸ್ಕರ ಹಾಲು ತೆಗೆಯಲು ಹೋದವನು ಓದಿದ.

"ಇದೇನು, ನಾ ನಿನ್ನ ಕೈಕೆಳಗಿನ ಹುಡುಗೀನೇನು?"

"ಆ ಹುಡುಗೀರು ಹೇಳಿದ್ದು ಮಾಡತಾರ."

ಅವನು ಹಾಳೆ ಹರಿಯಲಿಲ್ಲ. ಅದನ್ನು ನೋಡದವನಂತೆ ಇದ್ದುಬಿಟ್ಟ. ಅವನ ಪಾಳಿಯ ದಿನ ಪಾತ್ರೆಗಳು ತೊಟ್ಟಿಯಲ್ಲಿ ಹಾಗೇ ಬಿದ್ದಿರುತ್ತಿದ್ದವು, ಬೆಳಗಾದರೆ ತೊಳೆದಿರುತ್ತಿದ್ದವು. ವೇದವತಿ ಎಲ್ಲರೂ ಏಳುವ ಮುಂಚೆ ಎದ್ದು ತೊಳೆಯುತ್ತಿದ್ದಳು, ಶನಿವಾರದ ಅನ್ನವನ್ನೂ ಅವಳೇ ಮಾಡಿಡುತ್ತಿದ್ದಳು. ಸುಲೋಚನಾಳಿಗೆ ಗೊತ್ತಿತ್ತು. ಜಗಳ ಸಾಕೆನಿಸಿ ಸುಮ್ಮನಿದ್ದಳು. ಅದು ಅವಳ ತಪ್ಪು.

ನಾಲ್ಕನೆಯ ಶನಿವಾರ ಚಲ್ಪಹಾದನ ಐದು ಹೆಣ್ಣುಮಕ್ಕಳ ಬಗ್ಗೆ ಮಾತಾಡಿದಳು. ಅಪ್ಪ ಸತ್ತ, ಗಂಡುಮಕ್ಕಳಿಲ್ಲ, ಪಾಲು ಕೈತಪ್ಪುತ್ತದೆ. ಐವರೂ ಚಿಕ್ಕಪ್ಪನನ್ನು ಕಳಿಸಲಿಲ್ಲ, ತಾವೇ ಹೋಗಿ ಮೋಶೆ ಮತ್ತು ಊರ ಹಿರಿಯರೆಲ್ಲರ ಮುಂದೆ ಗುಡಾರದ ಬಾಗಿಲಲ್ಲಿ ನಿಂತು, ನಮ್ಮ ಪಾಲು ನಮಗೆ ಕೊಡಿ ಎಂದರು. ಕೇಳಿದ್ದು ಸರಿ ಎಂದು ದೇವರೇ ಹೇಳಿದ. ಬಾಯಿ ಬಿಟ್ಟು ಕೇಳಬೇಕು, ಪಾಠ ಇಷ್ಟೇ ಎಂದು ಕೂತಳು.

ಈಸ್ಟರ್ ಮುಗಿಯಿತು. ಹಿಮ ಕರಗಿ, ಕಾಲು ಜಾರದಿರಲೆಂದು ರಸ್ತೆಗೆ ಹಾಕಿದ್ದ ಜಲ್ಲಿಕಲ್ಲು ಮೇಲೆದ್ದಿತು. ಮರುವಾರ ಆಯ್ಕೆ.

ರಾಜಗೋಪಾಲರು ಬಂದಿದ್ದರು. ಒಳ್ಳೆಯ ಮನುಷ್ಯ, ಎಲ್ಲರನ್ನೂ ಸಮಾಧಾನ ಮಾಡುವ ಸ್ವಭಾವ. ಹೆಂಗಸರ ಕಡೆ ಒಂದು ಸಲ, ಗಂಡಸರ ಕಡೆ ಒಂದು ಸಲ ನಕ್ಕು ಹೇಳಿದರು.

"ನೋಡಿ, ನಮ್ಮ ಭಾಸ್ಕರ ಅವರು ಹಿರಿಯರಾಗಿರಲಿ. ಸಿಸ್ಟರ್ ಸುಲೋಚನಾ ಜೊತೆಗಿದ್ದು ಸಹಾಯ ಮಾಡ್ಲಿ. ಪ್ರಸಂಗ ಅವರೇ ಮಾಡ್ಲಿ, ಫೋನ್ ಎಲ್ಲ ಅವರೇ ನೋಡ್ಕೊಳ್ಲಿ. ಒಂದೇ ಮನೆ ತಾನೆ. ಯಾರ ಹೆಸರಾದ್ರೇನು?"

ತಲೆಗಳು ಆಡಿದವು. ಎಷ್ಟು ಸಲೀಸಾಗಿ ಮುಗಿಯಿತಲ್ಲ ಎಂಬ ಸಮಾಧಾನ ಎಲ್ಲರ ಮುಖದಲ್ಲಿ. ಸುಲೋಚನಾ ಎದ್ದು ನಿಂತಳು.

"ಯಾರ ಹೆಸರಾದ್ರೇನು ಅಂದ್ರಿ. ಹಂಗಾದ್ರೆ ನನ್ನ ಹೆಸರು ಬರೀರಿ. ಕೆಲಸ ನಾನು ಮಾಡಿ ಹೆಸರು ಬೇರೆಯವರದಾದ್ರೆ ನಾನು ಮಾಡೂದಿಲ್ಲ. ಅವರು ಎಲ್ಲಾ ಮಾಡತಾರೆ ಅಂದ್ರೆ ಅವರನ್ನ ಆರಿಸ್ರಿ, ನಾನು ಸುಮ್ನೆ ಕೂತು ಕೇಳತೀನಿ. ಎರಡರಾಗ ಒಂದು."

ಭಾಸ್ಕರನ ಮುಖ ಕಪ್ಪಿಟ್ಟಿತು. ಹಾಲಿನಲ್ಲಿ ಕೆಮ್ಮು, ಕುರ್ಚಿ ಸರಿಯುವ ಸದ್ದು. ಕೈ ಎತ್ತಿಸಿದರು. ಸುಲೋಚನಾಳಿಗೆ ಹತ್ತು, ಭಾಸ್ಕರನಿಗೆ ಏಳು. ಹತ್ತರಲ್ಲಿ ಮೂವರು ಗಂಡಸರು, ಅವರಲ್ಲೊಬ್ಬ ನಳಿನಿಯ ಗಂಡ ಶಿವಕುಮಾರ. ಏಳರಲ್ಲಿ ಇಬ್ಬರು ಹೆಂಗಸರು. ಭಾಸ್ಕರ ಎರಡು ಸಲವೂ ಕೈಗಳನ್ನು ಮಂಡಿಯ ಮೇಲೇ ಇಟ್ಟುಕೊಂಡಿದ್ದ. ವೇದವತಿ, ತಾನು ಈ ಊರಿನವಳಲ್ಲ ಎಂದು ಕಿಟಕಿಯ ಕಡೆ ತಿರುಗಿದ್ದಳು.

ಇಡೀ ವಾರ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಬೇಕಾದದ್ದನ್ನು ದಿಯಾಳ ಮೂಲಕ ಕೇಳಿಸುತ್ತಿದ್ದ. ಪಪ್ಪನಿಗೆ ಉಪ್ಪು ಬೇಕಂತೆ ಎಂದು ಒಂದು ದಿನ ಹೇಳಿದ ದಿಯಾ, ಎರಡನೆಯ ದಿನ, ನಾನು ಪೋಸ್ಟ್‌ಮನ್ ಅಲ್ಲ ಎಂದು ತಟ್ಟೆ ಎತ್ತಿಕೊಂಡು ಹೋದಳು. ಗುರುವಾರ ವೇದವತಿ ಅಡಿಗೆಮನೆಗೆ ಬಂದು ಫ್ರಿಜ್ಜಿನ ಹಾಳೆಯ ಮೇಲೆ ಬೆರಳಿಟ್ಟಳು.

"ಶನಿವಾರದ ಅನ್ನ ಯಾರ ಪಾಳಿ ಇದು?"

ಅವರದು ಎಂದಳು ಸುಲೋಚನಾ.

"ಇಷ್ಟ ದಿನ ಅವನ ಪಾತ್ರಿ ನಾ ತೊಳದೆ. ನೀ ನೋಡಿಯೂ ಸುಮ್ಮನಿದ್ದಿ. ಇನ್ನ ತೊಳಿಯೂದಿಲ್ಲ. ಅನ್ನಾನೂ ಮಾಡೂದಿಲ್ಲ. ನೀನೂ ಮಾಡಬ್ಯಾಡ. ದಿಯಾನ ಕೈಲೆ ಮಾಡಿಸಿದಿ ಅಂದ್ರ ನಾ ಇವತ್ತ ಊರಿಗೆ ಹೋಗತೀನಿ ನೋಡು."

ಇದನ್ನು ಅವಳು ಮಗನಿಗೂ ಹೇಳಿದಳು. ಅವನು ಟಿವಿ ನೋಡುತ್ತ ಹೂಂ ಎಂದ. ಅಮ್ಮ ಮಾಡೇ ಮಾಡುತ್ತಾಳೆ, ಹಾಗೆ ಅನ್ನುತ್ತಾಳಷ್ಟೆ ಎಂದು ಅವನ ಲೆಕ್ಕ. ನಲವತ್ತೈದು ವರ್ಷದಲ್ಲಿ ಆ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಶನಿವಾರ ಸುಲೋಚನಾ ಒಂಬತ್ತಕ್ಕೇ ಹಾಲಿನ ಬೀಗ ತೆಗೆಯಲು ಹೋದಳು. ಕೂಟ ಅವಳದೆಂದಾದ ಮೇಲೆ ಮೊದಲ ಶನಿವಾರ, ರಾಜಗೋಪಾಲರನ್ನು ಬೀಳ್ಕೊಡುವ ಊಟವೂ ಅಂದೇ. ಹೊರಡುವಾಗ ಅಕ್ಕಿಯ ಡಬ್ಬದ ಕಡೆ ಕೈ ಹೋಯಿತು. ಕೈ ಹಿಂದಕ್ಕೆ ತೆಗೆದುಕೊಂಡು ಕೋಟು ಹಾಕಿಕೊಂಡಳು. ಹನ್ನೊಂದಕ್ಕೆ ಭಾಸ್ಕರ, ವೇದವತಿ, ದಿಯಾ ಬಂದರು. ಭಾಸ್ಕರ ಕೈಬೀಸಿಕೊಂಡು ಬಂದು ಮೂರನೆಯ ಸಾಲಿನಲ್ಲಿ ಕೂತ. ಪಾತ್ರೆ ಹೆಂಡತಿಯ ಜೊತೆ ಮುಂಚೆಯೇ ಬಂದಿರಬೇಕು ಎಂದುಕೊಂಡಿದ್ದ. ಸುಲೋಚನಾ ಅವನ ಖಾಲಿ ಕೈ ನೋಡಿದಳು, ಪ್ರಾರ್ಥನೆ ಶುರು ಮಾಡಿದಳು. ಆ ದಿನ ಅವಳಿಗೆ ಎರಡು ಸಲ ಮಾತು ತಪ್ಪಿತು.

ಪ್ರಸಂಗ ಮುಗಿದು ಪಾತ್ರೆಗಳೆಲ್ಲ ಉದ್ದ ಮೇಜಿಗೆ ಬಂದವು. ಕೋಳಿ ಸಾರು, ಬೇಳೆ, ಬದನೆಕಾಯಿ ಎಣ್ಣೆಗಾಯಿ, ಹಪ್ಪಳ, ಸೌತೆಕಾಯಿ. ಮೂವತ್ತು ತಟ್ಟೆ. ನಳಿನಿ ಮೇಜಿನ ಆ ತುದಿಯಿಂದ ಈ ತುದಿಗೆ ನೋಡಿ ಬಳಿ ಬಂದು ಪಿ‌ಸುಗುಟ್ಟಿದಳು. ಅನ್ನ ಮನೆಯಲ್ಲೇ ಮರೆತು ಬಂದೆವು ಎಂದು ಹೇಳಿಬಿಡುವಾ, ತಾನು ಓಡಿ ಹೋಗಿ ಅರ್ಧ ಗಂಟೆಯಲ್ಲಿ ಮಾಡಿ ತರುತ್ತೇನೆ ಎಂದಳು. ಭಾಸ್ಕರನಿಗೆ ಕೈ ಎತ್ತಿದ ಏಳು ಜನ ಆಗಲೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಿರಿಯಳಾದ ಮೊದಲ ದಿನವೇ ಕೂಟಕ್ಕೆ ಅನ್ನವಿಲ್ಲ.

ಸುಲೋಚನಾ ಮೇಜಿನ ತಲೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇವತ್ತು ಅನ್ನ ಇಲ್ಲ. ಮರೆತಿದ್ದಲ್ಲ. ಮಾಡೋ ಪಾಳಿ ನಮ್ಮನೆಯವರದು ಇತ್ತು, ಅವರು ಮಾಡಿಲ್ಲ. ಬ್ರೆಡ್ಡು ಇದೆ, ಅದರ ಜೊತೆ ತಿನ್ನೋಣ. ಪ್ರಾರ್ಥನೆ ಮಾಡೋಣ."

ಅವಳು ಕಣ್ಣು ಮುಚ್ಚಿ, ಮೇಜಿನ ಮೇಲಿದ್ದ ಊಟಕ್ಕೆ ದೇವರಿಗೆ ವಂದನೆ ಹೇಳಿದಳು. ಆಮೆನ್ ಎಂದು ಕಣ್ಣು ತೆರೆದಾಗ ಭಾಸ್ಕರನ ಕುರ್ಚಿ ಖಾಲಿ ಇತ್ತು. ಹೊರಗೆ ಕಾರು ಶುರುವಾದ ಸದ್ದು. ಮನೆಗೆ ಹೋದನೋ, ಇನ್ನೆಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ರಾಜಗೋಪಾಲರು ತಮ್ಮ ತಟ್ಟೆಗೆ ಎರಡು ಚೂರು ಬ್ರೆಡ್ಡು ಹಾಕಿಕೊಂಡು, ಬ್ರೆಡ್ಡೂ ಒಳ್ಳೆಯದೇ ಎಂದರು. ಸುಲೋಚನಾ ಅತ್ತೆಯ ಪಕ್ಕ ಕುಳಿತಳು.

ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಭಾಸ್ಕರ ಮೂಲೆಯ ಅಂಗಡಿಯ ಚೀಲದಲ್ಲಿ ಐದು ಪೊಟ್ಟಣ ಅಕ್ಕಿ ಹಿಡಿದು ಬಂದ. ಯಾರ ಮುಖವನ್ನೂ ನೋಡದೆ ಉದ್ದಕ್ಕೆ ನಡೆದು ಅಡಿಗೆಮನೆಗೆ ಹೋದ. ನಳಿನಿ ಎದ್ದಳು. ಶಿವಕುಮಾರ ಅವಳ ಭುಜ ಒತ್ತಿ ಕೂರಿಸಿ, ತಾನು ಒಳಗೆ ಹೋದ. ದೊಡ್ಡ ಪಾತ್ರೆ ಎಳೆಯುವ ಸದ್ದು, ನಲ್ಲಿ ಬಿಟ್ಟ ಸದ್ದು. ಒಳಗೆ ಇಬ್ಬರೂ ಏನೋ ಚರ್ಚೆ ಮಾಡುತ್ತಿದ್ದರು. ಬಾಗಿಲು ಹಾಕಿಕೊಳ್ಳುವುದು ಅವರಿಗೆ ತಿಳಿದಿರಲಿಲ್ಲ, ಹಾಗಾಗಿ ಎಲ್ಲವೂ ಕೇಳುತ್ತಿತ್ತು. ಆಮೇಲೆ ಭಾಸ್ಕರನ ದನಿ ಬಂತು. ಒಂದು ವಾರದ ಮೇಲೆ ಹೆಂಡತಿಯ ಹೆಸರು.

"ಸುಲೂ, ಒಂದು ಲೋಟಕ್ಕ ಎಷ್ಟು ನೀರು?"

ಸುಲೋಚನಾ ಕೂತಲ್ಲಿಂದಲೇ ಹೇಳಿದಳು.

"ಎರಡು."

ವೇದವತಿಯ ಕೈ ಆಗಲೇ ಮೇಜಿನ ಅಂಚು ಹಿಡಿದಿತ್ತು. ನೋಯುವ ಮಂಡಿಯ ಮೇಲೆ ಭಾರ ಹಾಕಿ ಅರ್ಧ ಎದ್ದಿದ್ದಳು. ಸುಲೋಚನಾ ಅವಳ ಮಣಿಕಟ್ಟು ಹಿಡಿದಳು.

"ತಳಾ ಹಿಡಸ್ತಾನವಾ ಅಂವ" ಎಂದಳು ವೇದವತಿ.

"ಹಿಡೀಲಿ ಅತ್ತಿ. ಕುಂದರ್ರಿ."

ವೇದವತಿ ಕುಳಿತಳು.